ಬೆರಳು ಬಿಡಿಸಿದ ಕೈ

ಕನ್ನಡದಲ್ಲಿ ನಾವು ದಿನಕ್ಕೆ ಹತ್ತು ಸಲ ಕೈಚೆಲ್ಲುತ್ತೇವೆ. ಒಬ್ಬರು ಕೈಕೊಡುತ್ತಾರೆ, ಇನ್ನೊಬ್ಬರು ಕೈಹಿಡಿಯುತ್ತಾರೆ, ಮತ್ತೊಬ್ಬರು ಕೈಕಟ್ಟಿ ಕೂರುತ್ತಾರೆ. ಹೋದದ್ದು ಹೋಯಿತೆಂದು ಕೈತೊಳೆದುಕೊಳ್ಳುತ್ತೇವೆ. ಅಚ್ಚರಿಯಾದರೆ ಮೂಗಿನ ಮೇಲೆ ಬೆರಳಿಡುತ್ತೇವೆ, ದಿಕ್ಕು ತೋಚದಿದ್ದರೆ ತಲೆಯ ಮೇಲೆ ಕೈಹೊತ್ತು ಕೂರುತ್ತೇವೆ. ಇಷ್ಟೆಲ್ಲ ನಡೆಯುವಾಗ ನಮ್ಮ ನಿಜವಾದ ಕೈಗಳು ಬಹುಮಟ್ಟಿಗೆ ಫೋನ್ ಹಿಡಿದುಕೊಂಡಿರುತ್ತವೆ. ಪುಣೆಗೆ ಬಂದು ಒಂಬತ್ತು ವರ್ಷವಾಯಿತು. ಯಾರೊಬ್ಬರೂ ಆಶ್ಚರ್ಯಪಟ್ಟು ಮೂಗಿನ ಮೇಲೆ ಬೆರಳಿಟ್ಟದ್ದನ್ನು ನಾನು ನೋಡಿಲ್ಲ. ಧಾರವಾಡದಲ್ಲಿದ್ದಾಗ ಅಜ್ಜಿಯರು ಇಡುತ್ತಿದ್ದರು. ಈಗ ಆ ಬೆರಳು ಮಾತಿನಲ್ಲಿ ಮಾತ್ರ ಉಳಿದಿದೆ.

ಭಾಷಾವಿಜ್ಞಾನ ಓದುವಾಗ ಇಂಥವನ್ನು ನುಡಿಗಟ್ಟು ಎಂದು ಪಟ್ಟಿ ಮಾಡಿ ಮುಂದಕ್ಕೆ ಹೋಗುತ್ತಿದ್ದೆವು. ಇವು ಒಂದು ಕಾಲಕ್ಕೆ ಮೈಯಲ್ಲಿದ್ದವು, ಮೈಯಿಂದ ಕಳಚಿ ಮಾತಿಗೆ ಬಂದವು ಎಂಬುದರ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಕಳೆದ ವರ್ಷ ಒಪ್ಪಿಕೊಂಡ ಒಂದು ಕೆಲಸ ಆ ಹಾದಿಯಲ್ಲಿ ನನ್ನನ್ನು ಹಿಂದಕ್ಕೆ ನಡೆಸಿತು. ಮಾತಿನಿಂದ ಮೈಗೆ ಹೋಗಬೇಕಾಗಿತ್ತು.

ಕೆಲಸ ಇಷ್ಟು. ಹದಿನೆಂಟನೆಯ ಶತಮಾನದ ಕೊನೆ, ಹತ್ತೊಂಬತ್ತನೆಯದರ ಆರಂಭದಲ್ಲಿ ಲಂಡನ್ನಿನಲ್ಲಿ ಅಚ್ಚಾದ ನಾಟಕ ಸಂಬಂಧಿ ವ್ಯಂಗ್ಯಚಿತ್ರಗಳ ಒಂದು ಸಂಗ್ರಹ. ಅದರಲ್ಲಿ ನಲವತ್ತು ಚಿತ್ರಗಳಿಗೆ ಕನ್ನಡದಲ್ಲಿ ಶ್ರವಣ ವಿವರಣೆ ಬರೆಯಬೇಕು. ಕಣ್ಣು ಕಾಣದ ಓದುಗರಿಗೆ ಧ್ವನಿ ತಂತ್ರಾಂಶ ಅದನ್ನು ಓದಿ ಹೇಳುತ್ತದೆ. ಒಂದು ಚಿತ್ರಕ್ಕೆ ಎಂಬತ್ತು ಪದ ಮಿತಿ. ಬರೆದದ್ದನ್ನು ಹೈದರಾಬಾದಿನಲ್ಲಿರುವ ಒಬ್ಬರು ಕೇಳಿ ಒಪ್ಪಬೇಕು. ಅವರು ಬಳ್ಳಾರಿ ಕಡೆಯವರು, ಬ್ಯಾಂಕಿನಲ್ಲಿ ಕೆಲಸ, ಹುಟ್ಟಿನಿಂದ ದೃಷ್ಟಿಯಿಲ್ಲ. ನಾಟಕವೆಂದರೆ ಪ್ರಾಣ, ರೇಡಿಯೋ ನಾಟಕಗಳನ್ನು ಪಾತ್ರಧಾರಿಯ ಹೆಸರಿನ ಸಮೇತ ನೆನಪಿಟ್ಟುಕೊಂಡಿದ್ದಾರೆ. ಇಲ್ಲಿ ಅವರನ್ನು ಪರೀಕ್ಷಕರು ಎಂದೇ ಕರೆಯುತ್ತೇನೆ. ಅವರೂ ಹಾಗೇ ಕರೆಸಿಕೊಳ್ಳಲು ಇಷ್ಟಪಟ್ಟರು.

ಕೆಲಸದ ಮೊದಲ ದಿನವೇ ಎದ್ದ ಪ್ರಶ್ನೆ: ಚಿತ್ರದಲ್ಲಿ ಒಬ್ಬ ನಟ ಎರಡೂ ಕೈ ಮುಂದಕ್ಕೆ ಚಾಚಿ, ಬೆರಳು ಬಿಡಿಸಿ, ಹಿಂದಕ್ಕೆ ವಾಲಿ ನಿಂತಿದ್ದಾನೆ. ನಾನು ಏನು ಬರೆಯಬೇಕು? ‘ಬೆಚ್ಚಿಬಿದ್ದಿದ್ದಾನೆ’ ಎಂದೇ? ಅಥವಾ ಕೈ ಎಲ್ಲಿದೆ, ಬೆರಳು ಹೇಗಿದೆ, ಮೊಣಕಾಲು ಎಷ್ಟು ಬಾಗಿದೆ ಎಂದೇ? ಮೊದಲನೆಯದು ಒಂದು ಪದ. ಎರಡನೆಯದು ಇಪ್ಪತ್ತು ಪದ, ಮೇಲಾಗಿ ಅದರಲ್ಲಿ ಬೆಚ್ಚುವುದು ಕಾಣಿಸಲೂಬಹುದು, ಕಾಣಿಸದೆಯೂ ಇರಬಹುದು.

ಈ ಪ್ರಶ್ನೆಗೆ ಉತ್ತರ ಹುಡುಕಲು ಆ ಕೈಗಳ ಚರಿತ್ರೆಯನ್ನೇ ನೋಡಬೇಕಾಯಿತು.

ಹದಿನೆಂಟನೆಯ ಶತಮಾನದ ಲಂಡನ್ ರಂಗಭೂಮಿಯಲ್ಲಿ ಬೆಚ್ಚುವುದು ಒಂದು ವಿದ್ಯೆ. ಡೇವಿಡ್ ಗ್ಯಾರಿಕ್ ಅದರ ಗುರು. ಹ್ಯಾಮ್ಲೆಟ್ ತನ್ನ ತಂದೆಯ ಪ್ರೇತವನ್ನು ಮೊದಲ ಸಲ ಕಾಣುವ ಗಳಿಗೆಗಾಗಿಯೇ ಜನ ಕಾಯುತ್ತಿದ್ದರು. 1774-75ರಲ್ಲಿ ಲಂಡನ್ನಿಗೆ ಬಂದಿದ್ದ ಜರ್ಮನ್ ವಿಜ್ಞಾನಿ ಲಿಕ್ಟೆನ್‌ಬರ್ಗ್ ಅದನ್ನು ನೋಡಿ ಊರಿನ ಗೆಳೆಯನಿಗೆ ಪತ್ರದಲ್ಲಿ ವರ್ಣಿಸಿದ. ಗ್ಯಾರಿಕ್ ತಟಕ್ಕನೆ ತಿರುಗುತ್ತಾನೆ, ಮೊಣಕಾಲು ಕುಸಿದಂತೆ ಎರಡು ಮೂರು ಹೆಜ್ಜೆ ಹಿಂದೆ ಸರಿಯುತ್ತಾನೆ, ಟೋಪಿ ಬಿದ್ದುಹೋಗುತ್ತದೆ, ತೋಳುಗಳು ಚಾಚಿಕೊಳ್ಳುತ್ತವೆ, ಒಂದು ಕೈ ತಲೆಯ ಎತ್ತರಕ್ಕೆ, ಇನ್ನೊಂದು ಕೊಂಚ ಬಾಗಿ ಕೆಳಗೆ, ಬೆರಳುಗಳು ಬೇರೆ ಬೇರೆ, ಬಾಯಿ ತೆರೆದು ಹಾಗೇ ನಿಂತುಬಿಡುತ್ತಾನೆ. ಆ ಪತ್ರ 1776ರಲ್ಲಿ ಅಚ್ಚಾಯಿತು. ಓದಿದಾಗ ನನಗನ್ನಿಸಿತು: ಇನ್ನೂರೈವತ್ತು ವರ್ಷದ ಹಿಂದೆಯೇ ಒಬ್ಬ ಶ್ರವಣ ವಿವರಣೆ ಬರೆದಿದ್ದಾನೆ. ಅವನ ಓದುಗನಿಗೆ ಕಣ್ಣಿತ್ತು, ಆದರೆ ಆ ಕಣ್ಣು ಲಂಡನ್ನಿನಲ್ಲಿರಲಿಲ್ಲ.

‘ಹಾಗೇ ನಿಂತುಬಿಡುತ್ತಾನೆ’ ಎಂಬುದು ಮುಖ್ಯ. ಆ ಕಾಲದ ನಟರು ನಾಟಕದ ತಿರುವುಗಳಲ್ಲಿ ಒಂದು ಭಂಗಿಗೆ ಬಂದು ಅದನ್ನು ಹಿಡಿದು ನಿಲ್ಲುತ್ತಿದ್ದರು. ಪ್ರೇಕ್ಷಕರು ಚಪ್ಪಾಳೆ ತಟ್ಟಿದ ಮೇಲೆ ಮಾತು ಮುಂದುವರಿಯುತ್ತಿತ್ತು. ಕಾರಣಗಳು ಸರಳ. ಬೆಳಕು ಮೇಣದ ಬತ್ತಿ, ಎಣ್ಣೆ ದೀಪದ್ದು. ಸಭಾಂಗಣದಲ್ಲೂ ದೀಪ ಉರಿಯುತ್ತಿದ್ದರಿಂದ ಜನ ಒಬ್ಬರನ್ನೊಬ್ಬರು ನೋಡುತ್ತ, ಮಾತಾಡುತ್ತ ಇರುತ್ತಿದ್ದರು. 1794ರಲ್ಲಿ ಮತ್ತೆ ಕಟ್ಟಿದ ಡ್ರೂರಿ ಲೇನ್ ರಂಗಮಂದಿರದಲ್ಲಿ ಸುಮಾರು 3,600 ಜನ ಹಿಡಿಸುತ್ತಿದ್ದರು. ಕೊನೆಯ ಸಾಲಿನವನಿಗೆ ಹುಬ್ಬು ಕಾಣುವುದಿಲ್ಲ, ತೋಳು ಕಾಣುತ್ತದೆ. ಹೀಗಾಗಿ ತೋಳು ಹುಬ್ಬಿನ ಕೆಲಸವನ್ನೂ ಮಾಡಬೇಕಾಯಿತು.

ಹಿಡಿದು ನಿಂತ ಭಂಗಿ ಚಿತ್ರಕಾರನಿಗೆ ವರ. ಹೊಗಾರ್ತ್ 1745ರಲ್ಲಿ ಗ್ಯಾರಿಕ್‌ನನ್ನು ಮೂರನೆಯ ರಿಚರ್ಡ್ ಆಗಿ ಚಿತ್ರಿಸಿದ. ಯುದ್ಧದ ಹಿಂದಿನ ರಾತ್ರಿ ಡೇರೆಯೊಳಗೆ ದುಃಸ್ವಪ್ನದಿಂದ ಎದ್ದ ರಾಜ. ಒಂದು ಕೈ ಕತ್ತಿಯ ಮೇಲೆ, ಇನ್ನೊಂದು ಕೈ ಅಂಗೈ ಮುಂದಾಗಿ, ಬೆರಳು ಬಿಡಿಸಿ ಗಾಳಿಯಲ್ಲಿ. ಮರುವರ್ಷ ಅದು ತಾಮ್ರದ ತಗಡಿನಲ್ಲಿ ಕೆತ್ತಲ್ಪಟ್ಟು ಮುದ್ರಣವಾಗಿ ಮನೆಮನೆಗೆ ಹೋಯಿತು. ಆ ಅಂಗೈ ಎಷ್ಟು ಪರಿಚಿತವಾಯಿತೆಂದರೆ ನಾಟಕ ನೋಡದವರಿಗೂ ಅದು ಗೊತ್ತು. ವ್ಯಂಗ್ಯಚಿತ್ರಕ್ಕೆ ಬೇಕಾದದ್ದೇ ಇಂಥ ಬಂಡವಾಳ. ಎಲ್ಲರಿಗೂ ಗೊತ್ತಿರುವ ಭಂಗಿಯನ್ನು ಮಾತ್ರ ಅಣಕಿಸಲು ಸಾಧ್ಯ.

ಆಮೇಲೆ ಅದನ್ನು ಪುಸ್ತಕಕ್ಕೂ ಇಳಿಸಿದರು. 1806ರಲ್ಲಿ ಗಿಲ್ಬರ್ಟ್ ಆಸ್ಟಿನ್ ಎಂಬ ಪಾದ್ರಿ ಭಾಷಣಕಾರರಿಗಾಗಿ ಒಂದು ದಪ್ಪ ಗ್ರಂಥ ಬರೆದ. ಮಾತಾಡುವವನನ್ನು ಒಂದು ಗೋಳದ ಮಧ್ಯೆ ನಿಲ್ಲಿಸಿ, ಕೈ ಯಾವ ಎತ್ತರಕ್ಕೆ, ಯಾವ ದಿಕ್ಕಿಗೆ ಹೋಗುತ್ತದೆಂಬುದನ್ನು ಅಕ್ಷರಗಳಲ್ಲಿ ಗುರುತಿಸುವ ಪದ್ಧತಿ ಅವನದು. ಸಂಗೀತಕ್ಕೆ ಸ್ವರಲಿಪಿ ಇದ್ದಂತೆ ಕೈಗೊಂದು ಲಿಪಿ. ಮರುವರ್ಷ ನಟ ಹೆನ್ರಿ ಸಿಡನ್ಸ್ ಜರ್ಮನ್ ಲೇಖಕ ಎಂಗೆಲ್‌ನ ಪುಸ್ತಕವನ್ನು ಇಂಗ್ಲಿಷ್ ರಂಗಕ್ಕೆ ಒಗ್ಗಿಸಿ, ಯಾವ ಭಾವಕ್ಕೆ ಯಾವ ಭಂಗಿ ಎಂದು ಚಿತ್ರಗಳ ಸಮೇತ ಪ್ರಕಟಿಸಿದ. ಆಸ್ಟಿನ್ ರೂಪವನ್ನು ಬರೆದ, ಸಿಡನ್ಸ್ ಅರ್ಥವನ್ನು. ನನ್ನ ಮೇಜಿನ ಮೇಲಿನ ಪ್ರಶ್ನೆಗೆ ಎರಡು ಉತ್ತರಗಳು ಒಂದು ವರ್ಷದ ಅಂತರದಲ್ಲಿ ಅಚ್ಚಾಗಿದ್ದವು.

*

ಅರ್ಥವನ್ನೇ ಬರೆದುಬಿಟ್ಟರೆ ಆಗದೇ? ಆಗುವುದಿಲ್ಲ ಎನ್ನಲು ನನಗೆ ಸಿಕ್ಕ ಬಲವಾದ ಸಾಕ್ಷಿ ಲಂಡನ್ನಿನದಲ್ಲ, ಜಪಾನಿನದು. 1794ರಲ್ಲಿ, ಡ್ರೂರಿ ಲೇನ್ ಹೊಸದಾಗಿ ತೆರೆದ ವರ್ಷವೇ, ಎಡೋ ನಗರದಲ್ಲಿ ಶಾರಾಕು ಎಂಬ ಚಿತ್ರಕಾರ ಕಬುಕಿ ನಟರ ಮುದ್ರಣಗಳನ್ನು ಮಾಡತೊಡಗಿದ. ಹತ್ತು ತಿಂಗಳಷ್ಟೇ ಕೆಲಸ ಮಾಡಿ ಮರೆಯಾದವನು. ಅವನ ಅತಿ ಪ್ರಸಿದ್ಧ ಚಿತ್ರದಲ್ಲಿ ಮೂರನೆಯ ಓತಾನಿ ಓನಿಜಿ ಎಂಬ ನಟ ಎಡೋಬೆಯ ಪಾತ್ರದಲ್ಲಿದ್ದಾನೆ: ಬಿಗಿದ ಬಾಯಿ, ಒಳಗೆ ಸೇರಿದ ಕಣ್ಣುಗುಡ್ಡೆ, ಉಡುಪಿನ ಮುಂಭಾಗದಿಂದ ಹೊರಚಾಚಿದ ಎರಡು ಪುಟ್ಟ ಕೈಗಳು, ಎಲ್ಲ ಬೆರಳೂ ಬಿಡಿಸಿಕೊಂಡಿವೆ. ಕೈಯೊಂದನ್ನೇ ಕತ್ತರಿಸಿ ತೋರಿಸಿದರೆ ಗ್ಯಾರಿಕ್‌ನ ಹ್ಯಾಮ್ಲೆಟ್‌ನ ಅಣ್ಣತಮ್ಮ ಎನ್ನಬೇಕು. ಆದರೆ ಎಡೋಬೆ ಹೆದರಿಲ್ಲ. ಅವನು ಇನ್ನೊಬ್ಬರ ಹಣ ಕಸಿಯಲು ಹೊರಟವನು. ಒಂದೇ ಕಾಲದ ಎರಡು ನಗರಗಳಲ್ಲಿ ಬಿಡಿಸಿದ ಐದು ಬೆರಳು ಒಂದು ಕಡೆ ದಿಗಿಲು, ಇನ್ನೊಂದು ಕಡೆ ದುರಾಸೆ.

ಇದರಲ್ಲಿ ನಮಗೆ ಆಶ್ಚರ್ಯವಾಗಬಾರದು. ನಮ್ಮ ನೃತ್ಯಶಾಸ್ತ್ರದಲ್ಲಿ ಪತಾಕ ಹಸ್ತ ಮೋಡಕ್ಕೂ ಆಗುತ್ತದೆ, ಕಾಡಿಗೂ, ಇರುಳಿಗೂ, ಹೊಳೆಗೂ, ‘ಬೇಡ’ ಎನ್ನುವುದಕ್ಕೂ. ಕೈಯ ಆಕಾರಕ್ಕೆ ಒಂದು ಹೆಸರು, ಅದರ ಬಳಕೆಗಳಿಗೆ ವಿನಿಯೋಗ ಎಂಬ ಬೇರೆಯೇ ಪಟ್ಟಿ. ಆಕಾರ ಬೇರೆ, ವಿನಿಯೋಗ ಬೇರೆ ಎಂದು ಇಷ್ಟು ನಿಚ್ಚಳವಾಗಿ ಬಿಡಿಸಿಟ್ಟ ಪರಂಪರೆಯ ಭಾಷೆಯಲ್ಲಿ ಬರೆಯುತ್ತಿದ್ದೇನೆ ಎಂಬುದು ಆ ದಿನಗಳಲ್ಲಿ ನನಗೆ ಧೈರ್ಯ ಕೊಟ್ಟಿತು.

ಹಾಗಾದರೆ ಆಕಾರವನ್ನೇ ಬರೆಯೋಣ. ಆದರೆ ಅಲ್ಲೂ ಒಂದು ತೊಡಕು. ತಾಮ್ರದ ತಗಡಿನ ಮೇಲೆ ಕೊರೆದದ್ದು ಕಾಗದದ ಮೇಲೆ ಕನ್ನಡಿಯ ಬಿಂಬದಂತೆ ತಿರುಗಿ ಬೀಳುತ್ತದೆ. ಜಾಗರೂಕ ಕೆತ್ತನೆಗಾರ ಮೊದಲೇ ತಿರುಗಿಸಿ ಕೊರೆಯುತ್ತಾನೆ, ಅವಸರದವನು ಬಿಟ್ಟುಬಿಡುತ್ತಾನೆ. ಪರಿಣಾಮವಾಗಿ ಮುದ್ರಣದಲ್ಲಿ ಎಡಗೈಯಲ್ಲಿ ಕತ್ತಿ ಹಿಡಿದವನು ರಂಗದ ಮೇಲೆ ಬಲಗೈಯವನಾಗಿದ್ದಿರಬಹುದು. ಬಲಗೈ ಎಡಗೈಗಳಿಗೆ ನಾವು ಕೊಡುವ ಬೆಲೆ ನಿಮಗೆ ಗೊತ್ತು. ಊಟದಿಂದ ಹಿಡಿದು ಆರತಿಯವರೆಗೆ. ಎಡಗೈ ಎಂದು ಬರೆದ ಕೂಡಲೇ ಕನ್ನಡ ಓದುಗ ಅದರಲ್ಲೊಂದು ಅರ್ಥ ಹುಡುಕುತ್ತಾನೆ. ಆದ್ದರಿಂದ ಎಡಬಲ ಮುಖ್ಯವಲ್ಲದ ಕಡೆ ‘ಒಂದು ಕೈ, ಇನ್ನೊಂದು ಕೈ’ ಎಂದೇ ಬರೆಯುವುದೆಂದು ಗೊತ್ತುಮಾಡಿಕೊಂಡೆ.

*

ಇಷ್ಟಾದರೂ ಇವು ವ್ಯಂಗ್ಯಚಿತ್ರಗಳು. ಇಲ್ಲಿ ಕೈ ಹೇಳುವುದು ಒಂದು, ಚಿತ್ರ ಹೇಳುವುದು ಇನ್ನೊಂದು. ಸಾರಾ ಸಿಡನ್ಸ್‌ಳ ಉದಾಹರಣೆ ನೋಡಿ.

ಆ ಕಾಲದ ಅತಿ ದೊಡ್ಡ ದುರಂತ ನಟಿ ಅವಳು. 1785ರ ಫೆಬ್ರುವರಿ 2ರಂದು ಡ್ರೂರಿ ಲೇನಿನಲ್ಲಿ ಮೊದಲ ಬಾರಿಗೆ ಲೇಡಿ ಮ್ಯಾಕ್‌ಬೆತ್ ಆದಳು. ನಿದ್ದೆಯಲ್ಲಿ ನಡೆಯುತ್ತ, ಕೈಗೆ ಅಂಟಿದ ಕೊಲೆಯ ಕಲೆಯನ್ನು ತಿಕ್ಕಿ ತಿಕ್ಕಿ ತೊಳೆಯುವ ದೃಶ್ಯವಿದೆಯಲ್ಲ, ಅಲ್ಲಿ ಹಿಂದಿನ ನಟಿ ಮಿಸೆಸ್ ಪ್ರಿಚರ್ಡ್ ಮೇಣದ ಬತ್ತಿಯನ್ನು ಕೊನೆಯವರೆಗೂ ಕೈಯಲ್ಲೇ ಹಿಡಿದಿರುತ್ತಿದ್ದಳು. ಸಿಡನ್ಸ್ ಅದನ್ನು ಕೆಳಗಿಡುತ್ತೇನೆ ಎಂದಳು. ಎರಡು ಕೈ ಬಿಡುವಿಲ್ಲದೆ ತೊಳೆಯುವುದು ಹೇಗೆ? ರಂಗಮಂದಿರದ ಒಡೆಯ ಶೆರಿಡನ್ ಪರದೆ ಏಳುವ ಮುನ್ನ ಬಂದು ಬೇಡವೆಂದ; ಜನ ಹಳೆಯದಕ್ಕೆ ಒಗ್ಗಿದ್ದಾರೆ, ಸಹಿಸುವುದಿಲ್ಲ ಎಂದ. ಅವಳು ಕೇಳಲಿಲ್ಲ. ಜನ ಒಪ್ಪಿದರು, ಶೆರಿಡನ್ನೂ ಆಮೇಲೆ ಬಂದು ಒಪ್ಪಿದ. ಒಂದು ಬತ್ತಿಯನ್ನು ಮೇಜಿನ ಮೇಲಿಟ್ಟಿದ್ದರಿಂದ ಎರಡು ಕೈಗಳಿಗೆ ಮಾತು ಬಂತು.

ಇದಕ್ಕೆ ಕೆಲವೇ ತಿಂಗಳ ಮೊದಲು, 1784ರಲ್ಲಿ, ಅವಳು ಜಿಪುಣೆ, ಕಷ್ಟದಲ್ಲಿದ್ದ ಸಹನಟರಿಗಾಗಿ ಹಣ ಪಡೆಯದೆ ನಟಿಸಲು ಹಿಂಜರಿದಳು ಎಂಬ ಸುದ್ದಿ ಹಬ್ಬಿ ಪ್ರೇಕ್ಷಕರು ಅವಳನ್ನು ಹೀಯಾಳಿಸಿದ್ದರು. ಅದೇ ವರ್ಷ ಚಿತ್ರಕಾರ ರೆನಾಲ್ಡ್ಸ್ ಅವಳನ್ನು ದುರಂತದ ಅಧಿದೇವತೆಯಾಗಿ ಸಿಂಹಾಸನದ ಮೇಲೆ ಕೂರಿಸಿ ಬರೆದಿದ್ದ. ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್ರೇ ಅದೇ ದೇವತೆಯ ಹೆಸರನ್ನೇ ಇಟ್ಟು ಡಿಸೆಂಬರಿನಲ್ಲಿ ಒಂದು ಮುದ್ರಣ ತಂದ. ಅಲ್ಲಿಯೂ ಸಿಡನ್ಸ್ ದುರಂತ ನಾಯಕಿಯ ಗತ್ತಿನಲ್ಲಿಯೇ ನಿಂತಿದ್ದಾಳೆ, ಕೈಚಾಚಿದ್ದಾಳೆ. ಕೈ ಚಾಚಿರುವುದು ಹಣದ ಥೈಲಿಯತ್ತ.

ಇಲ್ಲಿ ‘ಹಣಕ್ಕೆ ಕೈಚಾಚಿದ್ದಾಳೆ’ ಎಂದು ಬರೆದರೆ ವಿಷಯ ಮುಗಿಯಿತು, ಚಿತ್ರ ಸತ್ತಿತು. ಕನ್ನಡದಲ್ಲಿ ಕೈಚಾಚುವುದೆಂದರೆ ಬೇಡುವುದು. ಹಾಗೆ ಬರೆದರೆ ಅವಳು ಭಿಕ್ಷುಕಿಯಾಗುತ್ತಾಳೆ. ಗಿಲ್ರೇ ಹೇಳುವುದು ಅದಲ್ಲ. ಅವಳು ರಂಗದ ಮೇಲೆ ಯಾವ ಗಾಂಭೀರ್ಯದಿಂದ ವಿಧಿಯ ಕಡೆಗೆ, ಮಕ್ಕಳ ಕಡೆಗೆ ಕೈ ನೀಡುತ್ತಿದ್ದಳೋ ಅದೇ ಗಾಂಭೀರ್ಯದಿಂದ ಥೈಲಿಯ ಕಡೆಗೆ ನೀಡುತ್ತಿದ್ದಾಳೆ. ಭಂಗಿ ಬದಲಾಗಿಲ್ಲ, ಗುರಿ ಬದಲಾಗಿದೆ.

ಚಿತ್ರದಿಂದ ಚಿತ್ರಕ್ಕೆ ಹೋದಂತೆ ಇದು ಖಚಿತವಾಯಿತು. ನಾಟಕದ ವ್ಯಂಗ್ಯಚಿತ್ರದಲ್ಲಿ ಒಂದು ಕೈಗೆ ಮೂರು ಪದರ. ಒಂದು, ಆ ಭಂಗಿಗೆ ರಂಗದಲ್ಲಿರುವ ರೂಢಿಯ ಅರ್ಥ. ಎರಡು, ಆ ಭಂಗಿ ಇಂಥವರದೇ ಎಂಬ ಗುರುತು. ಹೆಸರು ಬರೆಯದಿದ್ದರೂ ಜನ ತೋಳಿನಿಂದಲೇ ನಟರನ್ನು ಗುರುತಿಸುತ್ತಿದ್ದರು. ಮೂರು, ಈ ಚಿತ್ರದಲ್ಲಿ ಅದೇ ಭಂಗಿಗೆ ಕೊಟ್ಟ ಹೊಸ ವಸ್ತು. ನಗು ಹುಟ್ಟುವುದು ಮೊದಲನೆಯದಕ್ಕೂ ಮೂರನೆಯದಕ್ಕೂ ನಡುವಿನ ಬಿರುಕಿನಲ್ಲಿ. ಎಂಬತ್ತು ಪದಗಳಲ್ಲಿ ಆ ಬಿರುಕನ್ನು ಉಳಿಸಬೇಕು.

*

ನಮ್ಮ ಪರೀಕ್ಷಕರಿಗೆ ಮೊದಲ ಐದು ವಿವರಣೆಗಳನ್ನು ಎರಡೆರಡು ರೂಪದಲ್ಲಿ ಕಳಿಸಿದ್ದೆ: ಒಂದರಲ್ಲಿ ಅರ್ಥ, ಇನ್ನೊಂದರಲ್ಲಿ ಆಕಾರ. ಅವರು ಕರೆ ಮಾಡಿದರು.

“ಬೆಚ್ಚಿದ ಅಂತೀರಿ, ಸರಿ. ಬೆಚ್ಚೋದು ನನಗೂ ಗೊತ್ತು. ಮೈ ಜುಮ್ಮಂತದೆ, ಉಸಿರು ನಿಲ್ತದೆ. ಅದಕ್ಕೆ ಕೈ ಯಾಕೆ ಬೇಕು?”

ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಕಂಡವರಿಗೆ ಈ ಪ್ರಶ್ನೆ ಬರುವುದೇ ಇಲ್ಲ. ಹುಟ್ಟು ಕುರುಡರೂ ಮಾತಾಡುವಾಗ ಕೈ ಆಡಿಸುತ್ತಾರೆ, ಎದುರಿನವರಿಗೂ ಕಣ್ಣಿಲ್ಲವೆಂದು ಗೊತ್ತಿದ್ದರೂ ಆಡಿಸುತ್ತಾರೆ ಎಂದು ಐವರ್ಸನ್ ಮತ್ತು ಗೋಲ್ಡಿನ್-ಮೆಡೋ ಎಂಬ ಸಂಶೋಧಕಿಯರು 1998ರಲ್ಲಿ ತೋರಿಸಿದ್ದಾರೆ. ಮಾತು ಕಟ್ಟುವ ಕೆಲಸದಲ್ಲಿ ಕೈಯೂ ಸೇರಿಕೊಂಡಿದೆ. ಅದನ್ನು ನೋಡಿ ಕಲಿಯಬೇಕಿಲ್ಲ. ಆದರೆ ರೂಢಿಯ ಭಂಗಿಗಳು ಹಾಗಲ್ಲ. ಹೆಬ್ಬೆರಳೆತ್ತುವುದು, ಮೂಗಿನ ಮೇಲೆ ಬೆರಳಿಡುವುದು ಊರು ಕಲಿಸುವ ಪದಗಳಿದ್ದಂತೆ. ಅವನ್ನು ಊರು ಕಣ್ಣಿನ ಮೂಲಕ ಮಾತ್ರ ಕಲಿಸುತ್ತದೆ. ಪರೀಕ್ಷಕರೇ ಹೇಳಿದರು: “ನಾನು ಮಾತಾಡುವಾಗ ಕೈ ಬೀಸ್ತೀನಂತೆ. ಚಿಕ್ಕವನಿದ್ದಾಗ ಮನೇಲಿ ಕೈ ಹಿಡಿದು ಕೆಳಗೆ ಇಳಿಸ್ತಿದ್ದರು. ಅದು ಯಾಕೆ ಚೆನ್ನಾಗಿಲ್ಲ, ಯಾವುದು ಚೆನ್ನಾಗಿರ್ತದೆ ಅಂತ ಯಾರೂ ಹೇಳಲಿಲ್ಲ. ಕೈ ಇಳಿಸು, ಅಷ್ಟೇ.”

ಆ ಮಾತಿನ ನಂತರ ನನಗೆ ಈ ಕೆಲಸ ಚಿತ್ರಗಳ ಕೆಲಸವಾಗಿ ಉಳಿಯಲಿಲ್ಲ. ಐವತ್ತು ದಾಟಿದ ಒಬ್ಬ ಮನುಷ್ಯನಿಗೆ ಅವನ ಸುತ್ತಲಿನ ಜಗತ್ತು ದಿನವಿಡೀ ಆಡುತ್ತಿದ್ದ ಒಂದು ಭಾಷೆ ಇದೆ. ಅದರ ನಿಘಂಟನ್ನು ಯಾರೂ ಅವನಿಗೆ ಕೊಟ್ಟಿಲ್ಲ. ಅದರ ನಾಲ್ಕು ಪುಟವನ್ನು ನಾನು ಬರೆಯುತ್ತಿದ್ದೆ, ಅದೂ ವಿಚಿತ್ರವಾಗಿ ಲಂಡನ್ನಿನ ನಾಟಕದವರಿಂದ ಶುರುಮಾಡಿ.

ಪರೀಕ್ಷೆಯ ಕ್ರಮವನ್ನು ಅವರೇ ಸೂಚಿಸಿದರು. “ನೀವು ಓದಿ. ಓದಿದ ಹಾಗೆ ನಾನು ನಿಲ್ತೀನಿ. ಸರಿಯಾಗಿ ನಿಂತಿದ್ದರೆ ನಿಮ್ಮ ಬರಹ ಪಾಸು.” ಅವರ ಅಣ್ಣನ ಮಗಳು ವಿಡಿಯೋ ಕರೆಯಲ್ಲಿ ಫೋನ್ ಹಿಡಿದಳು. ನಾನು ಗ್ಯಾರಿಕ್‌ನ ಹ್ಯಾಮ್ಲೆಟ್‌ನಿಂದ ಆರಂಭಿಸಿದೆ. ಭಾರ ಹಿಂದಿನ ಕಾಲಿನ ಮೇಲೆ. ಮೊಣಕಾಲು ಸಡಿಲ. ಒಂದು ಕೈ ತಲೆಯ ಎತ್ತರಕ್ಕೆ, ಅಂಗೈ ಹೊರಗೆ, ಬೆರಳು ಬಿಡಿಸಿ. ಇನ್ನೊಂದು ಎದೆಯ ಎತ್ತರಕ್ಕೆ, ಮೊಣಕೈ ಬಾಗಿ. ಬಾಯಿ ತೆರೆದು, ಉಸಿರು ಹಿಡಿದು. ಅವರು ನಿಂತರು. ಒಂದು ಕ್ಷಣ ಹೈದರಾಬಾದಿನ ಆ ಹಜಾರದಲ್ಲಿ, ಟೀವಿ ಸ್ಟ್ಯಾಂಡಿನ ಪಕ್ಕದಲ್ಲಿ, 1775ರ ಡ್ರೂರಿ ಲೇನ್ ಇತ್ತು. ಹುಡುಗಿ ತಾನೇ ಬೆಚ್ಚಿ “ಅಯ್ಯೋ ಚಿಕ್ಕಪ್ಪಾ” ಅಂದಳು.

ಅವರು ಹಾಗೇ ನಿಂತು ಹೇಳಿದರು: “ಈಗ ಗೊತ್ತಾಯ್ತು. ಕೈ ತಳ್ತಾ ಇದೆ, ಬರಬೇಡ ಅಂತ. ಕಾಲು ಓಡ್ತಾ ಇದೆ. ಆದರೆ ಮನುಷ್ಯ ಅಲ್ಲೇ ಇದ್ದಾನೆ.”

ಭಂಗಿಯ ಅರ್ಥವನ್ನು ಅವರು ಒಳಗಿನಿಂದ ಓದಿದ್ದರು. ಆಕಾರವನ್ನು ಸರಿಯಾಗಿ ಕೊಟ್ಟರೆ ಅರ್ಥವನ್ನು ಕೇಳುವವನ ಮೈಯೇ ಕಟ್ಟಿಕೊಳ್ಳುತ್ತದೆ ಎಂಬುದಕ್ಕೆ ನನಗೆ ಬೇರೆ ಪುರಾವೆ ಬೇಕಾಗಲಿಲ್ಲ. ಎಲ್ಲ ಭಂಗಿಗೂ ಹೀಗಾಗಲಿಲ್ಲವೆಂಬುದೂ ನಿಜ. ಎದೆಯ ಮೇಲೆ ಕೈಯಿಟ್ಟು ಬಾಗುವುದು ಅವರಿಗೆ ಎದೆನೋವೆಂದೇ ಅನ್ನಿಸಿತು. ಅಂಥ ಕಡೆ ಒಂದೆರಡು ಪದ ಅರ್ಥವನ್ನೂ ಸೇರಿಸಿದೆವು.

*

ನಗುವಿನ ಪರೀಕ್ಷೆ ಆದದ್ದು ಕೆಂಬಲ್‌ನ ಚಿತ್ರದಲ್ಲಿ. ಜಾನ್ ಫಿಲಿಪ್ ಕೆಂಬಲ್ ಸಾರಾ ಸಿಡನ್ಸ್‌ಳ ತಮ್ಮ, ಕಾವೆಂಟ್ ಗಾರ್ಡನ್ ರಂಗಮಂದಿರದ ವ್ಯವಸ್ಥಾಪಕ, ಗಂಭೀರ ಪಾತ್ರಗಳ ದೊರೆ. 1808ರ ಸೆಪ್ಟೆಂಬರಿನಲ್ಲಿ ರಂಗಮಂದಿರ ಸುಟ್ಟುಹೋಯಿತು. ಹೊಸದನ್ನು ಕಟ್ಟಿ 1809ರ ಸೆಪ್ಟೆಂಬರ್ 18ರಂದು ಮ್ಯಾಕ್‌ಬೆತ್ ನಾಟಕದೊಂದಿಗೆ ತೆರೆದರು. ಖರ್ಚು ತೂಗಿಸಲು ಟಿಕೆಟ್ ದರ ಏರಿಸಿದ್ದರು: ಬಾಕ್ಸಿಗೆ ಆರು ಶಿಲಿಂಗ್ ಇದ್ದದ್ದು ಏಳು, ನೆಲದ ಆಸನಕ್ಕೆ ಮೂರೂವರೆ ಇದ್ದದ್ದು ನಾಲ್ಕು. ಹಳೆಯ ದರವೇ ಬೇಕೆಂದು ಜನ ಗಲಾಟೆ ಎಬ್ಬಿಸಿದರು. ಗಂಟೆ, ತುತ್ತೂರಿ, ಗಿಲಕಿ ತಂದು ಬಾರಿಸಿದರು, ಬೆಂಚಿನ ಮೇಲೆ ಕುಣಿದರು. ಮೂರು ತಿಂಗಳು, ರಾತ್ರಿಯಿಂದ ರಾತ್ರಿಗೆ ಇದೇ. ಕಡೆಗೆ ಡಿಸೆಂಬರಿನಲ್ಲಿ ಕೆಂಬಲ್ ಮಣಿದು ಕ್ಷಮೆ ಕೇಳಬೇಕಾಯಿತು.

ಆ ದಿನಗಳ ಒಂದು ವ್ಯಂಗ್ಯಚಿತ್ರ ನನ್ನ ಪಟ್ಟಿಯಲ್ಲಿತ್ತು. ಕೊಲೆಗೆ ಹೊರಟ ಮ್ಯಾಕ್‌ಬೆತ್‌ಗೆ ಗಾಳಿಯಲ್ಲಿ ತೇಲುವ ಕಠಾರಿ ಕಾಣುವ ಪ್ರಸಂಗ ಎಲ್ಲರಿಗೂ ಗೊತ್ತು. ಚಿತ್ರದ ಶೀರ್ಷಿಕೆ ಅಲ್ಲಿನ ಮಾತನ್ನೇ ತಿರುಚಿ ಕಠಾರಿಯ ಜಾಗದಲ್ಲಿ ಗಿಲಕಿಯನ್ನು ಇಟ್ಟಿದೆ. ಗಿಲಕಿಯೆಂದರೆ ಮಗುವಿನದಲ್ಲ, ರಾತ್ರಿ ಕಾವಲುಗಾರರು ಗರಗರ ತಿರುಗಿಸಿ ಸದ್ದು ಮಾಡುತ್ತಿದ್ದ ಮರದ ಸಾಧನ.

ಇಲ್ಲಿ ಕನ್ನಡ ವಾಕ್ಯದ ಗುಣ ಕೈಹಿಡಿಯಿತು. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅದಕ್ಕೂ ಆಚೆಗೆ ಒಂದು ಪುಟ್ಟ ವಾಕ್ಯವನ್ನು ಬಾಲದಂತೆ ಕಟ್ಟಬಹುದು. ನಾನು ಮೊದಲು ಭಂಗಿ ಕೊಟ್ಟೆ: ಒಂದು ಹೆಜ್ಜೆ ಮುಂದೆ, ಕುತ್ತಿಗೆ ಚಾಚಿ, ಗಾಳಿಯಲ್ಲಿ ತೂಗುವ ಏನನ್ನೋ ಹಿಡಿಯಲು ಹೆದರುತ್ತಲೇ ಕೈ ನೀಡಿದ್ದಾನೆ. ಪರೀಕ್ಷಕರು ಹಾಗೆ ನಿಂತರು. ಬೆರಳು ಗಾಳಿಯಲ್ಲಿ ಹುಡುಕಿತು. “ಕಾಣದ್ದಕ್ಕೆ ಕೈ ನೀಡೋದು ನನಗೇನು ಹೊಸದಲ್ಲ, ಮುಂದೆ ಓದಿ” ಅಂದರು. ಮುಂದಿನದು ಎರಡೇ ಪದ: “ಅದು ಗಿಲಕಿ.” ಅವರು ಕೈ ಇಳಿಸದೆಯೇ ನಕ್ಕರು. ಆ ಕೈ ಇನ್ನೂ ಕಠಾರಿಗೆ ಕಾಯುತ್ತಿತ್ತು. ಬಿರುಕು ಉಳಿದಿತ್ತು.

ಅಂದಿನಿಂದ ಎಲ್ಲ ವಿವರಣೆಗೂ ಇದೇ ಕ್ರಮ: ಮೊದಲು ಮೈ, ಆಮೇಲೆ ಯಾರು, ಕೊನೆಗೆ ವಸ್ತು. ಸಂಸ್ಥೆಯವರು ಮೊದಲ ವಾಕ್ಯದಲ್ಲೇ ವ್ಯಕ್ತಿಯ ಹೆಸರಿರಲಿ ಎಂದಿದ್ದರು. ಕಾರಣ ಬರೆದು ಕಳಿಸಿದೆವು, ಒಪ್ಪಿದರು.

ಈ ಕ್ರಮ ನಾಟಕದಾಚೆಗೂ ಒದಗಿತು. ಆ ಕಾಲದ ರಾಜಕಾರಣಿಗಳೂ ನಾಟಕದವರಿಂದಲೇ ಕೈ ಕಡ ತಂದವರು. 1792ರ ಡಿಸೆಂಬರ್ 28ರಂದು ಎಡ್ಮಂಡ್ ಬರ್ಕ್ ಫ್ರೆಂಚ್ ಕ್ರಾಂತಿಯ ಅಪಾಯವನ್ನು ಮನಗಾಣಿಸಲು ಸಂಸತ್ತಿನಲ್ಲಿ ಮಾತಾಡುತ್ತ ಬಟ್ಟೆಯೊಳಗಿನಿಂದ ನಿಜವಾದ ಕಠಾರಿ ತೆಗೆದು ನೆಲಕ್ಕೆ ಎಸೆದ. ಎರಡೇ ದಿನದಲ್ಲಿ ಗಿಲ್ರೇಯ ಮುದ್ರಣ ಅಂಗಡಿಯಲ್ಲಿತ್ತು. ಅದರಲ್ಲಿ ಬರ್ಕ್ ದುರಂತ ನಟ. ಸುತ್ತಲಿನ ನಾಯಕರು ಬೆಚ್ಚುವ ಪಾತ್ರಧಾರಿಗಳು. ಬೆಚ್ಚುವ ಕೈಗಳು ಗ್ಯಾರಿಕ್‌ನವೇ. ಇಪ್ಪತ್ತನೆಯ ವಿವರಣೆಯ ಹೊತ್ತಿಗೆ ಪರೀಕ್ಷಕರು ಅರ್ಧ ವಾಕ್ಯದಲ್ಲೇ ನನ್ನನ್ನು ತಡೆದು “ಇದು ಹ್ಯಾಮ್ಲೆಟ್‌ನ ಕೈ” ಎನ್ನುತ್ತಿದ್ದರು. 1792ರ ಲಂಡನ್ನಿನ ಅಂಗಡಿ ಕಿಟಕಿಯ ಮುಂದೆ ನಿಂತ ದಾರಿಹೋಕ ಗುರುತಿಸುತ್ತಿದ್ದುದೂ ಹೀಗೆಯೇ.

ಕನ್ನಡದವರಿಗೆ ಈ ಕೈಗಳು ಪೂರ್ತಿ ಹೊರಗಿನವೂ ಅಲ್ಲ. ಮುಂಬಯಿಯ ಪಾರ್ಸಿ ನಾಟಕಗಳು ಇಂಗ್ಲಿಷ್ ರಂಗದ ಪರದೆ, ಯಂತ್ರ, ಅಬ್ಬರವನ್ನು ತೆಗೆದುಕೊಂಡವು. ಅವುಗಳಿಂದ ನಮ್ಮ ಕಂಪನಿ ನಾಟಕಗಳೂ ಪಡೆದವು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಕಾಲದಲ್ಲಿ ಟೆಂಟಿನ ಕೊನೆಯ ಸಾಲಿನವನಿಗೂ ಹುಬ್ಬಿಗಿಂತ ತೋಳೇ ಚೆನ್ನಾಗಿ ಕಾಣುತ್ತಿತ್ತು.

*

ನಾವಿಬ್ಬರೂ ಹೆಚ್ಚು ದಿನ ಜಗಳವಾಡಿದ್ದು ಗಿಲ್ರೇಯ 1791ರ ಡಿಸೆಂಬರಿನ ಒಂದು ಚಿತ್ರದ ಮೇಲೆ. ಫ್ಯೂಸೆಲಿ ಎಂಬ ಚಿತ್ರಕಾರ ಮ್ಯಾಕ್‌ಬೆತ್‌ನ ಮೂವರು ಮಾಟಗಾತಿಯರನ್ನು ಬರೆದಿದ್ದ. ಗಿಲ್ರೇ ಅವರ ಜಾಗದಲ್ಲಿ ಮೂವರು ಸಚಿವರನ್ನು, ಡಂಡಾಸ್, ಪಿಟ್, ಥರ್ಲೋ, ಇಟ್ಟ. ಮೂವರೂ ತುಟಿಗೆ ಬೆರಳಿಟ್ಟು ಚಂದ್ರನನ್ನು ನೋಡುತ್ತಿದ್ದಾರೆ. ಚಂದ್ರನ ಬೆಳಗಿದ ಭಾಗ ರಾಣಿಯ ಮುಖ, ಕತ್ತಲ ಭಾಗ ರಾಜನದು. ಮೂರು ವರ್ಷದ ಹಿಂದಷ್ಟೇ ಮೂರನೆಯ ಜಾರ್ಜ್ ಬುದ್ಧಿ ಕದಡಿ, ರಾಜ್ಯ ಯಾರ ಕೈಗೆ ಎಂಬ ಬಿಕ್ಕಟ್ಟು ತಲೆದೋರಿತ್ತು.

ತುಟಿಗೆ ಬೆರಳು. ಕನ್ನಡ ಕಿವಿ ಇದನ್ನು ಕೇಳಿದ ಕೂಡಲೇ ಮೂಗಿನ ಮೇಲಿನ ಬೆರಳಿಗೆ ಹೋಗುತ್ತದೆ: ಅಚ್ಚರಿ. ಇಲ್ಲವೇ ತರಗತಿಗೆ ಹೋಗುತ್ತದೆ: ಸದ್ದು ಮಾಡಬೇಡಿ. ಮಾಟಗಾತಿಯರ ಬೆರಳು ಇವೆರಡೂ ಅಲ್ಲ. ಅದು ಗುಟ್ಟು ಕಾಯುವ, ಕಾದು ಕುಳಿತಿರುವ, ಭವಿಷ್ಯ ಬಲ್ಲ ಬೆರಳು. ‘ಗುಟ್ಟಿನ ಸನ್ನೆ’ ಎಂದು ಒಂದು ಪದ ಸೇರಿಸೋಣವೆಂದು ನಾನು, ಬೇಡವೆಂದು ಅವರು. “ಬೆರಳು ತುಟಿ ಮೇಲೆ ಇಟ್ಟುಕೊಂಡೆ. ಉಸಿರು ಬೆರಳಿಗೆ ತಾಗ್ತದೆ. ಏನೋ ಹೇಳಬೇಕು ಅಂತಿರೋನಿಗೇ ಅದು ತಾಗೋದು. ಅಷ್ಟು ಸಾಕು, ಜನ ತಾವೇ ಕಂಡ್ಕೋಳ್ಳಲಿ.” ಕಂಡುಕೊಳ್ಳಲಿ ಎಂಬ ಪದವನ್ನು ಅವರು ಸಲೀಸಾಗಿ ಬಳಸುತ್ತಾರೆ.

ಕೊನೆಗೆ ಕಳಿಸಿದ್ದು ಹೀಗಿದೆ. ನೀವೂ ಒಮ್ಮೆ ಯಾರಿಂದಾದರೂ ಓದಿಸಿ, ಕಣ್ಣು ಮುಚ್ಚಿ, ಹೇಳಿದಂತೆ ಕುಳಿತು ನೋಡಿ.

“ಕತ್ತಲು. ಮೂರು ಮುಖಗಳು ಒಂದರ ಪಕ್ಕ ಒಂದು, ಎಲ್ಲವೂ ಒಂದೇ ಕಡೆಗೆ ತಿರುಗಿ, ಗಲ್ಲ ಕೊಂಚ ಮೇಲಕ್ಕೆತ್ತಿವೆ. ಪ್ರತಿಯೊಬ್ಬರ ಒಂದು ಬೆರಳು ತಮ್ಮದೇ ಮುಚ್ಚಿದ ತುಟಿಯ ಮೇಲೆ. ಯಾರೂ ಪಕ್ಕದವರನ್ನು ನೋಡುತ್ತಿಲ್ಲ. ಮೂವರ ನೋಟವೂ ಆಕಾಶದಲ್ಲಿ. ನಾಟಕದಲ್ಲಿ ಹೀಗೆ ನಿಲ್ಲುವವರು ಮ್ಯಾಕ್‌ಬೆತ್‌ಗೆ ಭವಿಷ್ಯ ನುಡಿದ ಮಾಟಗಾತಿಯರು. ಇಲ್ಲಿ ನಿಂತವರು ಇಂಗ್ಲೆಂಡಿನ ಮೂವರು ಸಚಿವರು. ಅವರು ನೋಡುತ್ತಿರುವುದು ಚಂದ್ರನನ್ನು. ಚಂದ್ರನಿಗೆ ಎರಡು ಮುಖ. ಬೆಳಗಿದ್ದು ನಗುತ್ತಿರುವ ರಾಣಿಯದು. ಕತ್ತಲಲ್ಲಿರುವುದು ರಾಜನದು.”